ಕಡತದಲ್ಲಿ ಸಿಕ್ಕಿಬಿದ್ದ ವೈನಿ

ನನ್ನ ಮಗಳು ನನಗೆ ನಾದಿನಿಯಾಗಬೇಕು ಎಂದು ತಿಳಿಸುವ ಸರಕಾರಿ ಪತ್ರವೊಂದು ಚಳಿಗಾಲದ ಒಂದು ಮಂಗಳವಾರ ನನ್ನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿತ್ತು.

ಜರ್ಮನ್ ಭಾಷೆಯಲ್ಲಿತ್ತು, ಎರಡು ಪುಟ. ಮೊದಲ ಸಲ ಓದಿದಾಗ ನನಗಿನ್ನೂ ಈ ಭಾಷೆ ಸರಿಯಾಗಿ ಬಂದಿಲ್ಲ ಅಂದುಕೊಂಡೆ. ಮೆಟ್ಟಿಲ ಮೇಲೆ ಕೂತು, ಮೊಬೈಲಿನ ನಿಘಂಟು ತೆಗೆದು, ಮತ್ತೆ ಓದಿದೆ. ಅರ್ಥ ಬದಲಾಗಲಿಲ್ಲ. ವೀಸಾಕ್ಕೆ ಅರ್ಜಿ ಹಾಕಿರುವ ಏಳು ವರ್ಷದ ಬಾಲಕಿಗೆ ನಿಮ್ಮ ಫೋಟೊ ತೋರಿಸಿದಾಗ ಆಕೆ ನಿಮ್ಮನ್ನು ತನ್ನ ಅಣ್ಣನ ಹೆಂಡತಿ ಎಂದು ಗುರುತಿಸಿದ್ದಾಳೆ, ತಾಯಿ ಎಲ್ಲಿ ಎಂದು ಕೇಳಿದ್ದಕ್ಕೆ ಮನೆಯಲ್ಲಿದ್ದ ಇನ್ನೊಬ್ಬ ಮಹಿಳೆಯನ್ನು ತೋರಿಸಿದ್ದಾಳೆ, ಆದ್ದರಿಂದ ನೀವು ಆಕೆಯ ತಾಯಿ ಎಂಬ ಬಗ್ಗೆ ಸಂಶಯ ಹುಟ್ಟಿದೆ. ಜೋರಾಗಿ ನಗು ಬಂತು. ನನ್ನ ನಗೆಗೆ ಕೆಳಮನೆಯ ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಂಡಿತು. ಈ ಕಟ್ಟಡದಲ್ಲಿ ಯಾರೂ ಹಾಗೆ ನಗುವುದಿಲ್ಲ. ಆಮೇಲೆ ಕೊನೆಯ ಸಾಲು ಓದಿದೆ. ಸಂಶಯ ಪರಿಹಾರವಾಗುವ ತನಕ ಮಗುವಿನ ವೀಸಾ ತಡೆಹಿಡಿಯಲಾಗಿದೆ ಅಂತಿತ್ತು. ನಗು ಅಲ್ಲಿಗೆ ನಿಂತಿತು.

ನಾನು ಗಿರಿಜಾ ಹೊಸಮನಿ. ಬೆಳಗಾವಿಯ ಖಾಸಬಾಗದಲ್ಲಿ ಹುಟ್ಟಿ ಬೆಳೆದು ಖಾನಾಪುರಕ್ಕೆ ಸೊಸೆಯಾಗಿ ಹೋದವಳು. ಈಗ ಮೂರು ವರ್ಷದಿಂದ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಊರಿನ ಹೆಸರು ಹೇಳಿದರೂ ನಿಮ್ಮ ನಾಲಿಗೆಗೆ ಹೊರಳುವುದಿಲ್ಲ, ಬಿಡಿ. ನನ್ನದಕ್ಕೇ ಹೊರಳಲು ಆರು ತಿಂಗಳು ಬೇಕಾಯಿತು.

ಆ ಪತ್ರದ ಹಿಂದೆ ಇದ್ದದ್ದು ಒಂದೇ ಒಂದು ಶಬ್ದದ ಕಿತಾಪತಿ. ಮೈಸೂರು, ಮಂಗಳೂರು ಕಡೆಯ ಓದುಗರಿಗಾಗಿ ಹೇಳುತ್ತೇನೆ. ನೀವು ಅತ್ತಿಗೆ ಅನ್ನುತ್ತೀರಲ್ಲ, ಅಣ್ಣನ ಹೆಂಡತಿ, ಆಕೆಗೆ ನಮ್ಮ ಬೆಳಗಾವಿ ಸೀಮೆಯಲ್ಲಿ ವೈನಿ ಅನ್ನುತ್ತೇವೆ. ಮರಾಠಿಯಿಂದ ಬಂದ ಶಬ್ದ, ಆದರೆ ಬಂದು ಎಷ್ಟು ಕಾಲವಾಯಿತೆಂದರೆ ಈಗ ಅದು ನಮ್ಮ ಮನೆಯ ಹೆಣ್ಣುಮಗಳೇ. ಮದುವೆಯಾಗಿ ಖಾನಾಪುರದ ಮನೆಯೊಳಗೆ ಕಾಲಿಟ್ಟ ದಿನ ಮೈದುನ ಮಹಾಂತೇಶ ‘ವೈನಿ’ ಅಂದ. ಮರುದಿನ ಬಾಜೂ ಮನೆಯವರು ಅಂದರು. ತಿಂಗಳೊಳಗೆ ಹಾಲು ಹಾಕುವವರಿಗೆ, ಕಿರಾಣಿ ಅಂಗಡಿಯವರಿಗೆ, ನನಗಿಂತ ಹತ್ತು ವರ್ಷ ದೊಡ್ಡವರಾದ ಪೋಸ್ಟಿನವರಿಗೂ ನಾನು ವೈನಿ. ಗಿರಿಜಾ ಅನ್ನುವವಳು ರೇಷನ್ ಕಾರ್ಡಿನೊಳಗೆ ಹೋಗಿ ಕೂತಳು.

ಮಗಳು ಸೃಷ್ಟಿ ಮಾತು ಕಲಿಯುವಾಗ ಮನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಕಲಿತಳು. ಅವಳ ಕಾಕಾ, ಅಂದರೆ ಮಹಾಂತೇಶ, ತನ್ನ ತಾಯಿಗೆ ಅವ್ವ ಅನ್ನುತ್ತಿದ್ದ. ಇವಳೂ ಅಜ್ಜಿಗೆ ಅವ್ವ ಅಂದಳು. ಕಾಕಾ ನನ್ನ ಗಂಡನಿಗೆ ಅಣ್ಣ ಅನ್ನುತ್ತಿದ್ದ. ಇವಳೂ ತಂದೆಗೆ ಅಣ್ಣ ಅಂದಳು. ಹಾಗೇ ನಾನು ವೈನಿಯಾದೆ. ಕೂಡುಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಖಾಸಬಾಗದ ನನ್ನ ಗೆಳತಿಯೊಬ್ಬಳು ಹೆತ್ತ ತಾಯಿಗೆ ಇವತ್ತಿಗೂ ಅಕ್ಕ ಅನ್ನುತ್ತಾಳೆ. ನನ್ನ ಗಂಡ ಬಸವರಾಜ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಬಂದು ಮಗಳನ್ನು ಎತ್ತಿಕೊಂಡು, “ಏನ ನಮ್ಮವ್ವಾ, ನಿಮ್ಮ ಅಣ್ಣಗ ಚಹಾ ಮಾಡಂತ ನಿಮ್ಮ ವೈನಿಗಿ ಹೇಳು” ಎಂದು ಚೇಷ್ಟೆ ಮಾಡುತ್ತಿದ್ದರು. ಸೃಷ್ಟಿಗೆ ಎರಡು ತುಂಬುವ ಮೊದಲೇ ಕಾಮಣಿ, ಅಂದರೆ ಕಾಮಾಲೆ ರೋಗವಾಗಿ ಅವರು ತೀರಿಕೊಂಡರು. ಹಾಗೆ ನೋಡಿದರೆ ಮಗು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ನಾನು ಅವಳ ಅಣ್ಣನ ಹೆಂಡತಿಯೇ.

ಆಗ ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಜರ್ಮನಿಗೆ ನರ್ಸುಗಳು ಬೇಕಂತೆ ಎಂದು ಜೊತೆಯವರೊಬ್ಬರು ಹೇಳಿದರು. ಭಾಷೆ ಕಲಿತೆ, ಪರೀಕ್ಷೆ ಕಟ್ಟಿದೆ, ಪಾಸಾದೆ. ಮಗಳ ಭವಿಷ್ಯಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು ಯಾಕೆ ಹೇಳಲಿ, ಕುಂಕುಮವಿಲ್ಲದ ಹಣೆಯನ್ನು ದಿನಾ ಒಂದೇ ಓಣಿಯವರಿಗೆ ತೋರಿಸಿ ಸಾಕಾಗಿತ್ತು. ಮೊದಲು ನಾನು ಹೋಗುವುದು, ನೆಲೆ ನಿಂತ ಮೇಲೆ ಮಗಳನ್ನು ಕರೆಸಿಕೊಳ್ಳುವುದು ಎಂದು ಮಾತಾಯಿತು. ಒಂದು ವರ್ಷ ಅಂದುಕೊಂಡಿದ್ದೆ.

ಇಲ್ಲಿ ಬಾಡಿಗೆಗೆ ಮನೆ ಸಿಕ್ಕರೆ ಮೊದಲ ಕೆಲಸ ಹಾಲು ಉಕ್ಕಿಸುವುದಲ್ಲ, ಅನ್ಮೆಲ್ಡುಂಗ್. ಊರಿನ ಕಚೇರಿಗೆ ಹೋಗಿ ‘ನಾನು ಇಂಥ ಮನೆಯಲ್ಲಿ ಇದ್ದೇನೆ’ ಎಂದು ಬರೆಸುವುದು. ಎರಡನೆಯ ಕೆಲಸ, ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು. ಹೆಸರಿಲ್ಲದಿದ್ದರೆ ಪತ್ರ ತಂದವರು ವಾಪಸು ಒಯ್ಯುತ್ತಾರೆ, ನೀವು ಬಾಗಿಲಲ್ಲೇ ನಿಂತಿದ್ದರೂ. ಖಾನಾಪುರದಲ್ಲಿ ‘ಹೊಸಮನಿ ಮಾಸ್ತರ ಮನಿ’ ಎಂದಷ್ಟೇ ಬರೆದ ಲಗ್ನಪತ್ರಿಕೆ ಸರಿಯಾಗಿ ಬಂದು ಮುಟ್ಟುತ್ತದೆ. ಪೋಸ್ಟಿನವರು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, “ಲಗ್ನಕ್ಕ ಯಾರ್‍ಯಾರು ಹೊಂಟೀರಿ ವೈನಿ?” ಎಂದು ವಿಚಾರಿಸಿಯೇ ಏಳುವುದು.

ಇಲ್ಲಿ ನಾನು ಫ್ರಾವ್ ಹೊಸಮನಿ. ಫ್ರಾವ್ ಅಂದರೆ ಶ್ರೀಮತಿ ಅಂದ ಹಾಗೆ, ಮದುವೆಯಾಗಿರಲಿ ಬಿಡಲಿ, ದೊಡ್ಡ ಹೆಂಗಸರಿಗೆಲ್ಲ ಒಂದೇ. ಆಸ್ಪತ್ರೆಯಲ್ಲಿ ಎಲ್ಲರೂ ಗೌರವದಿಂದ ಮಾತಾಡಿಸುತ್ತಾರೆ, ಕೆಲಸ ಕಲಿಸುತ್ತಾರೆ, ತಪ್ಪಾದರೆ ಮುಖಕ್ಕೆ ಹೇಳುತ್ತಾರೆ, ಬೆನ್ನ ಹಿಂದೆ ಆಡುವುದಿಲ್ಲ. ಅದು ನನಗೆ ಹಿಡಿಸಿದೆ. ಆದರೆ ಪಾಳಿ ಮುಗಿದ ಗಳಿಗೆಯಲ್ಲೇ ಅವರವರ ಸೈಕಲ್ಲು ಅವರವರಿಗೆ. ಮೊದಲ ವರ್ಷ ಒಬ್ಬರ ಮನೆಯ ಒಳಗೂ ನಾನು ಕಾಲಿಡಲಿಲ್ಲ. ಸಂಜೆ ಒಲೆ ಹಚ್ಚುವ ಪದ್ಧತಿಯೂ ಇಲ್ಲಿ ಕಡಿಮೆ. ಬ್ರೆಡ್ಡು, ಅದರ ಮೇಲೊಂದು ಚೀಸಿನ ಚೂರು, ಮುಗಿಯಿತು. ಅದಕ್ಕೆ ಆಬೆಂಡ್‌ಬ್ರೋಟ್, ಸಂಜೆಯ ಬ್ರೆಡ್ಡು ಎಂದೇ ಹೆಸರು. ಬಿಸಿ ರೊಟ್ಟಿಯ ಹಬೆ ಮುಖಕ್ಕೆ ಹೊಡೆಯದ ಸಂಜೆಯನ್ನು ನಾನು ಊಟ ಅಂತ ಕರೆಯಲಾರೆ.

ಒಂದು ಭಾನುವಾರ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕೂತೆ. ಹತ್ತು ನಿಮಿಷದಲ್ಲಿ ಕೆಳಮನೆಯ ಹಿರಿಯರು ಬಂದರು. ನಗುತ್ತಲೇ ಗೋಡೆಗೆ ಅಂಟಿಸಿದ ಕಟ್ಟಡದ ನಿಯಮಗಳ ಕಾಗದ ತೋರಿಸಿದರು. ಭಾನುವಾರ ಸದ್ದು ಮಾಡುವಂತಿಲ್ಲ. ಕ್ಷಮೆ ಕೇಳಿದೆ. ಖಾನಾಪುರದಲ್ಲಿ ಹಿಂಡಿ ಕುಟ್ಟುವ ಸದ್ದಿಗೂ ಜನ ಬರುತ್ತಿದ್ದರು, ಕೈಯಲ್ಲಿ ವಾಟಿ, ಬಟ್ಟಲು ಹಿಡಿದುಕೊಂಡು. ಅವರು ಹೋದ ಮೇಲೆ ಅರ್ಧ ಕುಟ್ಟಿದ ಶೇಂಗಾವನ್ನು ಹಾಗೇ ಬಿಟ್ಟು ಕಿಟಕಿಯ ಹತ್ತಿರ ಕೂತೆ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಒಂಟಿತನ ಅಂದರೆ ಅಳು ಬರುವುದು ಅಂದುಕೊಂಡಿದ್ದೆ. ಅಳು ಬರಲಿಲ್ಲ. ಬರೀ ಕಿವಿ ಬಿಕೋ ಅನ್ನುತ್ತಿತ್ತು.

ಸಣ್ಣಪುಟ್ಟ ಗೆಲುವು ಇರಲಿಲ್ಲ ಅಂತಲ್ಲ. ಡಾಕ್ಟರರ ಫೋನನ್ನು ಮೊದಲ ಸಲ ಯಾರ ಸಹಾಯವಿಲ್ಲದೆ ಎತ್ತಿ, ಹೇಳಿದ್ದೆಲ್ಲ ಸರಿಯಾಗಿ ಬರೆದುಕೊಂಡ ದಿನ ನಾನೇ ನನಗೊಂದು ಕೇಕು ಕೊಡಿಸಿದೆ. ತಿನ್ನುತ್ತ ಖಾನಾಪುರಕ್ಕೆ ಫೋನು ಹಚ್ಚಿದೆ. ನನ್ನ ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಅಲ್ಲಿ ಸಂಜೆ. “ವೈನೀ, ಇವತ್ತ ಸಾಲ್ಯಾಗ ನಂಗ ಫಸ್ಟ್ ಬೆಂಚಿನ್ಯಾಗ ಕುಂದ್ರಿಸ್ಯಾರ” ಅಂತ ಸೃಷ್ಟಿ ಶುರು ಮಾಡಿದಳೆಂದರೆ ಉಸಿರು ಬಿಡುತ್ತಿರಲಿಲ್ಲ. ದಿನಕ್ಕೊಂದು ಸಲ ಆ ವೈನಿ ಕಿವಿಗೆ ಬಿದ್ದರೆ ನಾನು ಇನ್ನೂ ಇದ್ದೇನೆ ಅನ್ನಿಸುತ್ತಿತ್ತು.

ಮಗುವನ್ನು ಕರೆಸಿಕೊಳ್ಳುವ ಕಡತ ನೋಡಲು ದಪ್ಪ, ಒಳಗಿರುವ ಪ್ರಶ್ನೆ ಮೂರೇ. ಇರಿಸಿಕೊಳ್ಳಲು ಜಾಗವಿದೆಯೇ? ಮಗುವಿನ ಹಕ್ಕು ನಿಮ್ಮೊಬ್ಬರದೇ? ಮಗು ನಿಮ್ಮದೇ? ಆ ಹಕ್ಕಿಗೆ ಇವರು ಜೋರ್ಗೆರೆಷ್ಟ್ ಅನ್ನುತ್ತಾರೆ. ಜೋರ್ಗೆ ಅಂದರೆ ನಮ್ಮ ಕಾಳಜಿ. ಆರೈಕೆಗೂ ಅದೇ ಶಬ್ದ, ಚಿಂತೆಗೂ ಅದೇ ಶಬ್ದ, ಥೇಟ್ ನಮ್ಮ ಹಾಗೆ. ಕಾಳಜಿ ಮಾಡುವ ಹಕ್ಕು ನನ್ನೊಬ್ಬಳದೇ ಎಂದು ತೋರಿಸಬೇಕಿತ್ತು. ಬೆಳಗಾವಿಯ ನನ್ನ ವಕೀಲರು, ಪಾಟೀಲ ಮೇಡಂ, ವಿಡಿಯೊ ಕಾಲಿನಲ್ಲಿ ಕಾಗದ ನೋಡುತ್ತ, “ತಂದಿ ಇಲ್ಲಂದ್ರ ತಾಯಿನ ಸಹಜ ಪಾಲಕಿರಿ, ಕಾನೂನಿನ್ಯಾಗ ಸ್ಪಷ್ಟ ಐತಿ. ಗಂಡ ಇದ್ದವ್ರಕಿಂತ ನಿಮ್ಮ ಕೇಸ್ ಹಗೂರ” ಅಂದರು. ಅಂದು ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸಿಕೊಳ್ಳದವಳ ಹಾಗೆ ಮರಣಪತ್ರದ ಝೆರಾಕ್ಸು ಎಣಿಸಿದೆ.

ಮನೆ ಸಿಕ್ಕಿತ್ತು, ಹಕ್ಕು ಸಿದ್ಧವಾಯಿತು. ‘ಮಗು ನಿಮ್ಮದೇ’ ಅನ್ನುವ ಪ್ರಶ್ನೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಮ್ಮ ಕಡೆಯ ಕಾಗದಗಳನ್ನು ಇವರು ನೋಡಿ ಸುಮ್ಮನಾಗುವುದಿಲ್ಲ. ಅಲ್ಲಿಯವರೇ ಆದ ಒಬ್ಬ ವಕೀಲರನ್ನು ಮನೆಗೆ ಕಳಿಸಿ ವಿಚಾರಿಸುತ್ತಾರೆ. ಹಾಗೆ ಬಂದವರು ಬೆಂಗಳೂರು ಕಡೆಯವರು, ಬಹಳ ಸಭ್ಯರಂತೆ. ಮಹಾಂತೇಶ ಜಾಂಬೋಟಿ ಕಡೆಯ ಒಂದು ಸಾಲಿಯಲ್ಲಿ ಮಾಸ್ತರ, ಅವನು ಮನೆಯಲ್ಲಿರಲಿಲ್ಲ. ಅತ್ತೆ ‘ಬರ್ರಿ, ಕುಂದರ್ರಿ’ ಎಂದು ನೀರು ಕೊಟ್ಟು, ಮತ್ತೆ ಅಕ್ಕಿ ಹಸನು ಮಾಡುತ್ತ ಕೂತರು. ಬಂದವರು ಸೃಷ್ಟಿಗೆ ನನ್ನ ಫೋಟೊ ತೋರಿಸಿದರು.

“ಇವರು ಯಾರು ಪುಟ್ಟಾ?”

“ನಮ್ಮ ವೈನಿರಿ.”

“ವೈನಿ ಅಂದ್ರೆ?”

“ವೈನಿ ಅಂದ್ರ ವೈನಿರಿ.”

“ಹಾಗಾದ್ರೆ ಅಮ್ಮ ಎಲ್ಲಿ?”

“ಅವ್ವ ಇಲ್ಲೇ ಕುಂತಾಳಲ್ರಿ, ಅಕ್ಕಿ ಹಸನ ಮಾಡಾಕತ್ತಾಳ.”

ಅತ್ತೆ ಮೊರ ಕೆಳಗಿಟ್ಟು ಅಭಿಮಾನದಿಂದ, “ಹೌದ್ರಿ, ಆಕಿಗಿ ನಾನ ಅವ್ವ” ಅಂದರು. ಹೊರಗೆ ಬಂದು ವಕೀಲರು ಬಾಜೂ ಮನೆಯವರಿಗೆ ವೈನಿ ಅಂದರೆ ಏನೆಂದು ಕೇಳಿದರು. “ಅಣ್ಣನ ಹೆಂಡ್ತಿರಿ ಸಾಹೇಬ್ರ” ಎಂದು ಉತ್ತರ ಸಿಕ್ಕಿತು. ಒಬ್ಬರೂ ಸುಳ್ಳು ಹೇಳಿರಲಿಲ್ಲ, ಅವರೂ ಕೇಳಿದ್ದನ್ನೇ ಬರೆದುಕೊಂಡರು. ಅವತ್ತು ಸಂಜೆ ಮಹಾಂತೇಶ ಫೋನು ಮಾಡಿ, “ವೈನಿ, ಏನೂ ಕಾಳಜಿ ಮಾಡಬ್ಯಾಡ್ರಿ, ಎಲ್ಲಾ ಛಲೋ ಆಗೇತಂತ” ಅಂದಿದ್ದ.

ಪತ್ರ ಹಿಡಿದುಕೊಂಡು ವಿದೇಶಿಗರ ಕಚೇರಿಗೆ ಹೋದೆ. ಬಿಳಿ ಕೂದಲಿನ ಅಧಿಕಾರಿ, ಸಮಾಧಾನದ ಹೆಂಗಸು. ಕೂಡುಮನೆ, ಮೈದುನ, ಓಣಿ ಎಲ್ಲ ವಿವರಿಸಿದೆ. ವಿವರಿಸಲು ಹೋದರೆ ಇವರ ಭಾಷೆಯಲ್ಲಿ ಶಬ್ದವೇ ಇಲ್ಲ. ವೈನಿ, ನಾದಿನಿ, ಓರಗಿತ್ತಿಯಾದ ನೆಗೆಣ್ಣಿ ಮೂವರಿಗೂ ಇವರದು ಒಂದೇ ಶ್ವೇಗರಿನ್. ಚಿಕ್ಕಪ್ಪನ ಹೆಂಡತಿ ಕಾಕಿ, ತಾಯಿಯ ತಂಗಿ ಮಾಂಶಿ, ಸೋದರತ್ತೆ ಎಲ್ಲರೂ ಟಾಂಟೆ. ಆ ಅಧಿಕಾರಿ ಒಂದು ಕಾಗದದಲ್ಲಿ ನಮ್ಮ ಮನೆಯವರ ಚಿತ್ರ ಬರೆದು, ಬಾಣ ಎಳೆದು, ಬಹಳ ಕಷ್ಟಪಟ್ಟು ಅರ್ಥ ಮಾಡಿಕೊಂಡರು. ಕೊನೆಗೆ ಪೆನ್ನು ಕೆಳಗಿಟ್ಟು, “ಅಂದರೆ ನಿಮ್ಮ ಮಗಳು ನಿಮ್ಮನ್ನು ಅಮ್ಮ ಎಂದು ಒಂದು ಸಲವೂ ಕರೆದಿಲ್ಲವೇ?” ಎಂದು ಕೇಳಿದರು.

“ಇಲ್ಲ.”

“ನಿಮಗೆ ಬೇಸರವಾಗುವುದಿಲ್ಲವೇ?”

ನನಗೆ ಜರ್ಮನ್‌ನಲ್ಲಿ ಉತ್ತರ ಬರಲಿಲ್ಲ. ಬಸ್ಸಿನಲ್ಲಿ ಕೂತು ಕನ್ನಡದಲ್ಲಿ ಹುಡುಕಿದೆ, ಅಲ್ಲಿಯೂ ಸಿಗಲಿಲ್ಲ. ಖಾನಾಪುರದಲ್ಲಿ ಇದ್ದಾಗ ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಮಡಿಲಲ್ಲಿ ಮಲಗಿ ವೈನಿ ಅನ್ನುವ ಮಗು ಯಾರಿಗೆ ತಾನೇ ಪರಕೀಯಳು ಅನ್ನಿಸುತ್ತದೆ? ಆದರೆ ಏಳು ಸಾವಿರ ಕಿಲೋಮೀಟರು ದೂರ ಕೂತ ಮೇಲೆ ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಅವತ್ತು ಸಂಜೆ ಸೃಷ್ಟಿ ಫೋನಿನಲ್ಲಿ ‘ವೈನೀ’ ಅಂದಾಗ ಮೊದಲ ಬಾರಿಗೆ ನನಗೆ ಕಸಿವಿಸಿಯಾಯಿತು.

ಪಾಟೀಲ ಮೇಡಂ ಎರಡು ದಾರಿ ಹೇಳಿದರು. ಒಂದು ಡಿಎನ್‌ಎ ಪರೀಕ್ಷೆ. ಅದನ್ನು ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ನನ್ನ ಮಗ ಇಲ್ಲ ಅಂತ ಈಗ ರಕ್ತಾ ತಗದು ನೋಡ್ತಾರೇನು?” ಅಂದರು ಅತ್ತೆ. “ಓಣ್ಯಾಗ ಏನಂದಾರು? ಯಾರದೋ ಕೂಸಂತ ತಪಾಸ ಮಾಡಾಕತ್ತಾರ ಅಂದಾರು.”

“ಅತ್ತಿ, ಅದು ನನ್ನದು, ಆಕೀದು ಅಷ್ಟ ನೋಡೂದ್ರಿ. ರಕ್ತ ಬ್ಯಾಡಂತ, ಬಾಯಾಗಿನ ಉಗುಳು ಸಾಕಂತ.”

“ಹಂಗಂದ್ರ ಮಾರಿ ಮ್ಯಾಲ ಉಗುಳಿಸ್ಕೊಳ್ಳೂದು ಅನ್ನು ಸೀದಾ.” ಅದರ ಹಿಂದೆಯೇ, “ಆಸ್ಪತ್ರ್ಯಾಗ ಮೊದಲ ನನ್ನ ಕೈಯಾಗ ಕೊಟ್ರು ಆಕೀನ್ನ. ನನ್ನ ಕೇಳ್ರಿ ಅಂತ ಹೇಳು ಅವ್ರಿಗಿ” ಅಂದರು. ಫೋನು ಇಟ್ಟರು. ಆ ದಾರಿ ಮುಚ್ಚಿತು.

ಎರಡನೆಯ ದಾರಿ, ನೆರೆಯವರ, ಹೆರಿಗೆ ಮಾಡಿಸಿದ ಡಾಕ್ಟರರ ಹೇಳಿಕೆ ಕೊಟ್ಟು ಇನ್ನೊಮ್ಮೆ ವಿಚಾರಣೆ ಕೇಳಿಕೊಳ್ಳುವುದು. “ಈ ಸಲ ಹುಡುಗಿ ಬಾಯಿಲೇ ಅವ್ವ ಅಂತ ಬರ್ಲಿರಿ” ಅಂದರು ಪಾಟೀಲ ಮೇಡಂ. ಹೇಳಿಕೊಟ್ಟು ಹೇಳಿಸುವುದು ಸರಿಯೇ ಎಂದು ನಾನು ಅನುಮಾನಿಸಿದೆ. “ಸುಳ್ಳ ಹೇಳಸಾಕತ್ತಿಲ್ಲಲ್ರಿ, ಖರೇನ ಹೇಳಸಾಕತ್ತೀವಿ.”

ಮಹಾಂತೇಶ ಮಾಸ್ತರನಲ್ಲವೇ, ಮಗ್ಗಿ ಕಲಿಸಿದ ಹಾಗೆ ಕಲಿಸಿದ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಇವರು ಯಾರು? ನಮ್ಮವ್ವ. ಇವರು ಯಾರು? ನಮ್ಮ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದು ರೂಢಿ, ಆದರೆ ಸೃಷ್ಟಿಗೆ ಅದೊಂದು ಹೊಸ ಪಾಠ. ಬಾಯಿ ತಪ್ಪಿ ವೈನಿ ಅಂದರೆ ಕಿವಿ ಹಿಡಿದು ಒಂದು ಬಸ್ಕಿ. ಒಂದು ವಾರದಲ್ಲೇ ಮಹಾಂತೇಶನಿಗೆ ತೊಡಕು ಅರ್ಥವಾಯಿತು. ಮನೆಯವರೆಲ್ಲ ವೈನಿ ಅನ್ನುತ್ತಿರುವ ತನಕ ಮಗು ಬಿಡುವುದಿಲ್ಲ. ಆದ್ದರಿಂದ ಅವನೂ ಬಿಟ್ಟ. ಬಾಜೂ ಮನೆಯವರಿಗೂ, ಹಾಲಿನವರಿಗೂ ಹೇಳಿ ಬಂದ. ಮುಂದಿನ ಸಲ ಫೋನು ಮಾಡಿದಾಗ ಮಹಾಂತೇಶ, “ನಮಸ್ಕಾರ್ರಿ… ಸೃಷ್ಟಿ ಅವ್ವಾರ” ಅಂದ. ಹನ್ನೊಂದು ವರ್ಷ ನನ್ನ ತಮ್ಮನ ಹಾಗಿದ್ದವನು ಅವತ್ತು ಯಾರೋ ಪಾಲಕರ ಜೊತೆ ಮಾತಾಡುವ ಮಾಸ್ತರನಾದ.

ಅತ್ತೆಗೆ ಆಯಿಯಾಗುವುದು ಸುಲಭವಾಗಿತ್ತೇ ಎಂದು ನಾನು ಕೇಳಲಿಲ್ಲ. “ನಂದೇನ್ ಸವೀತೈತಿ, ಆಯಿ ಅನ್ಲಿ” ಎಂದು ಮಹಾಂತೇಶನ ಮುಂದೆ ಅಂದರಂತೆ. ಆದರೆ ಅವ್ವಾ ಎಂದು ಯಾರದೋ ಮನೆಯ ಮಗು ಹೊರಗೆ ಕೂಗಿದರೂ ಎದ್ದು ಬಾಗಿಲಿಗೆ ಹೋಗುತ್ತಿದ್ದರಂತೆ.

ಎರಡನೆಯ ವಿಚಾರಣೆಗೆ ಈ ಸಲ ಒಬ್ಬ ಹೆಂಗಸು, ಮೊದಲೇ ತಿಳಿಸಿ ಬಂದರು. ಸೃಷ್ಟಿ ಎದ್ದು ನಿಂತು, ಕೈ ಕಟ್ಟಿಕೊಂಡು, ಎಲ್ಲ ಉತ್ತರ ಗಟ್ಟಿಯಾಗಿ ಹೇಳಿದಳು. ಸಂಜೆ ಫೋನಿನಲ್ಲಿ ಅವಳ ದನಿಯಲ್ಲಿ ಪಾಸಾದವರ ಖುಷಿ.

“ಅವ್ವಾ, ನಾ ಎಲ್ಲಾ ಬರೋಬ್ಬರಿ ಹೇಳಿದೆ. ಪರೀಕ್ಷಾ ಮುಗೀತಲ್ಲ? ಈಗ ವೈನಿ ಅನ್ಲೇನು?”

ಅನ್ನು ಎಂದು ಬಾಯಿಗೆ ಬಂದಿತ್ತು. ಆದರೆ ವೀಸಾ ಕೈಗೆ ಬರುವ ತನಕ ಹುಷಾರು ಎಂದು ಪಾಟೀಲ ಮೇಡಂ ಹೇಳಿದ್ದರು. ಇನ್ನೊಬ್ಬರು ಬರಬಹುದು, ಫೋನೇ ಮಾಡಬಹುದು. “ಇನ್ನೂ ಬ್ಯಾಡ ನಮ್ಮವ್ವಾ, ಸ್ವಲ್ಪ ದಿನಾ ತಡಿ” ಅಂದೆ. “ಹೂಂ” ಅಂದಳು. ಮರುವಾರ ಮತ್ತೆ ಕೇಳಿದಳು, ಮತ್ತೆ ಬೇಡ ಅಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ನನ್ನ ಹೆಸರನ್ನು ನಾನೇ ಮಗುವಿನ ಬಾಯಿಂದ ಕಿತ್ತುಕೊಂಡೆ, ಯಾರ ಮೇಲೆ ಸಿಟ್ಟು ಮಾಡಲಿ?

ಉತ್ತರಕ್ಕಾಗಿ ಕಾಯುತ್ತಿದ್ದ ಆ ತಿಂಗಳುಗಳಲ್ಲಿ ನನ್ನ ಫೋನಿಗೆ ಊರ ಕಡೆಯ ಕರೆಗಳು ಶುರುವಾದವು. ಯಾರಿಂದ ಯಾರಿಗೆ ನಂಬರು ಹೋಯಿತೋ, ಪರದೇಶಕ್ಕೆ ಹೋಗುವ ಹೆಣ್ಣುಮಕ್ಕಳ ವಕೀಲೆ ನಾನು ಅಂತ ಸುದ್ದಿಯಾಗಿತ್ತು. “ಅಕ್ಕಾರ, ನಮ್ಮ ಲಗ್ನ ರಜಿಸ್ಟರ್ ಆಗಿಲ್ಲ, ಲಗ್ನಪತ್ರಿಕಾ ಅದ, ಫೋಟೋ ಅದಾವ, ನಡೀತದೇನ್ರಿ?” ನಡೆಯುವುದಿಲ್ಲ ತಾಯಿ. ಮದುವೆ ಎಷ್ಟೇ ಹಳೆಯದಿರಲಿ, ಇಬ್ಬರೂ ಇರುವಾಗಲೇ ಹೋಗಿ ನೋಂದಣಿ ಮಾಡಿಸಿಕೊಳ್ಳಿ. ನಮ್ಮದು ಆಗಿತ್ತು, ಅದೂ ಬಸವರಾಜರ ಹಟದಿಂದ. ಎದುರಿಗೆ ಬಂದರೆ ಅವರ ಕಾಲು ಹಿಡಿಯುತ್ತಿದ್ದೆ. ಇನ್ನೊಬ್ಬಳ ಹತ್ತಿರ ಪಂಚರ ಮುಂದೆ ಬರೆದುಕೊಟ್ಟ ಸೋಡಚೀಟಿ, ಅಂದರೆ ಗಂಡ ಹೆಂಡತಿಯ ಬಿಡುಗಡೆಯ ಕಾಗದ ಮಾತ್ರ ಇತ್ತು. ಅಂಥ ರೂಢಿಯನ್ನು ನಮ್ಮ ಕಾನೂನು ಪೂರಾ ತಳ್ಳಿಹಾಕುವುದಿಲ್ಲ, ಆದರೆ ರೂಢಿ ಇತ್ತೆಂದು ಕೋರ್ಟಿನಲ್ಲಿ ತೋರಿಸಬೇಕು, ಪರದೇಶದ ಕಚೇರಿಗಳು ಕೇಳುವುದು ಕೋರ್ಟಿನ ಆದೇಶವನ್ನೇ ಎಂದು ಪಾಟೀಲ ಮೇಡಂ ಹೇಳಿದ್ದನ್ನು ಹೇಳಿದೆ. ಗಂಡ ಬಿಟ್ಟು ಹೋಗಿ ನಾಲ್ಕು ವರ್ಷವಾದವಳು, ಮಗನನ್ನು ಕರೆದೊಯ್ಯಲು ಅವನ ಸಹಿ ಬೇಕೇ ಎಂದು ಕೇಳಿದಳು. ಒಂದೋ ಸಹಿ ಬೇಕು, ಇಲ್ಲವೇ ಕೋರ್ಟು ಮಗುವನ್ನು ನಿನಗೊಬ್ಬಳಿಗೇ ಒಪ್ಪಿಸಬೇಕು ಅಂದೆ. ಅವಳು ಅತ್ತಳು. ನನಗೂ ಬೇರೆ ಕೆಲಸವಿರಲಿಲ್ಲ, ಕೇಳುತ್ತ ಕೂತೆ. ನಾನು ನರ್ಸು, ನಿಮ್ಮೂರಿನ ವಕೀಲರನ್ನು ಕೇಳಿ ಎಂದು ಎಲ್ಲರಿಗೂ ಕೊನೆಗೆ ಹೇಳುತ್ತಿದ್ದೆ. ಅವರೆಲ್ಲರೂ ಕೊನೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅಲ್ಲಿ ನೀವು ಒಬ್ಬರ ಇರ್ತೀರೇನ್ರಿ?” ಅದಕ್ಕೆ ‘ಹೌದು’ ಅನ್ನಲು ಯಾವ ಕಾಗದವೂ ಬೇಕಾಗಿರಲಿಲ್ಲ.

ವೀಸಾ ಬಂತು. ರಜೆ ಹಾಕಿ ಮಗಳನ್ನು ಕರೆತರಲು ಊರಿಗೆ ಹೋದೆ. ಬಾಗಿಲಲ್ಲೇ ಮಹಾಂತೇಶ, “ಬರ್ರಿ ವೈನಿ” ಅಂದ. ಅಷ್ಟು ದಿನ ಕಟ್ಟಿಟ್ಟದ್ದನ್ನು ಬಿಚ್ಚಿದವನ ಹಾಗೆ ನಾಲ್ಕು ಮಾತಿಗೆ ಮೂರು ಸಲ ವೈನಿ ಅಂದ. ಓಣಿಯವರೂ ಶುರು ಮಾಡಿದರು. ನನಗೆ ಹೊಟ್ಟೆ ತುಂಬಿತು. ಸೃಷ್ಟಿ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಅವ್ವಾ ಅನ್ನುತ್ತ ನನ್ನ ಹಿಂದೆ ಮುಂದೆ ಓಡಾಡಿದಳು. ಹೊರಡುವ ದಿನ ಅತ್ತೆ ಅವಳ ಹಣೆಗೆ ವಿಭೂತಿ ಹಚ್ಚಿ, ಗಲ್ಲ ಹಿಡಿದು, “ಇವತ್ತೊಂದ ಸಲ ನನಗ ಅವ್ವ ಅಂದ ಹೋಗ ನಮ್ಮವ್ವಾ” ಅಂದರು.

“ಅವ್ವಾ” ಅಂದಳು ಸೃಷ್ಟಿ.

ಅತ್ತೆಯೂ ನಾನೂ ಒಟ್ಟಿಗೇ “ಓ” ಅಂದೆವು. ಅತ್ತೆ ನನ್ನ ಕಡೆ ನೋಡಿದರು. ಇಬ್ಬರಿಗೂ ನಗು ಬರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, “ಲಗೂ ನಡೀರಿ, ಗಾಡಿ ತಪ್ಪೀತು” ಎಂದು ಒಳಗೆ ಹೋದರು. ನಾನು ಆ ಮನೆಯಿಂದ ಏನನ್ನು ಒಯ್ಯುತ್ತಿದ್ದೇನೆ ಅನ್ನುವುದು ನನಗೆ ಆಗ ತಿಳಿಯಿತು. ತಿಳಿದೂ ಹೊರಟೆ.

ಸೃಷ್ಟಿ ಬಂದು ಈಗ ಎರಡು ತಿಂಗಳು. ಸಾಲಿಗೆ ಹೋಗುತ್ತಾಳೆ, ನನಗಿಂತ ಚೆನ್ನಾಗಿ ಜರ್ಮನ್ ಉಚ್ಚರಿಸುತ್ತಾಳೆ, ನನ್ನ ತಪ್ಪು ತಿದ್ದುತ್ತಾಳೆ. ಮನೆಯಲ್ಲಿ ಸದ್ದು ಬಂದಿದೆ. ಮೊನ್ನೆ ಜೋಳದ ಹಿಟ್ಟು ಸಿಕ್ಕಿತೆಂದು ರೊಟ್ಟಿ ಬಡಿದು ಅವಳಿಗೆ ಹಾಕುತ್ತಿದ್ದೆ. ಬಹಳ ದಿನದಿಂದ ತಡೆದುಕೊಂಡಿದ್ದನ್ನು ಹೇಳಿಬಿಟ್ಟೆ.

“ಸೃಷ್ಟಿ, ವೀಸಾ ಬಂತು, ನಾವೂ ಬಂದ್ವಿ. ಇನ್ನ ಯಾರೂ ಕೇಳಾಕ ಬರಂಗಿಲ್ಲ. ಈಗ ನೀ ವೈನಿ ಅನ್ನಬಹುದು.”

ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು. “ಇಲ್ಲಿ ನಿನಗ ಯಾರು ವೈನಿ ಅಂತಾರ?”

“ಯಾರೂ ಇಲ್ಲ.”

“ಮತ್ತ? ಎಲ್ಲಾರೂ ಅಂತಿದ್ರು, ಅದಕ್ಕ ನಾನೂ ಅಂತಿದ್ದೆ. ನಾ ಒಬ್ಬಾಕಿನ ಹೆಂಗ ಅನ್ಲಿ?”

ಅವಳು ತಾಟು ಮುಂದೆ ಮಾಡಿ, “ಅವ್ವಾ, ಇನ್ನೊಂದು ಹಾಕು” ಅಂದಳು. ಹಾಕಿದೆ. ನಾನು ಅವಳ ತಾಯಿ ಎಂದು ಎರಡು ದೇಶದ ಸರಕಾರಗಳು ಬರೆದುಕೊಟ್ಟಿವೆ, ಅವಳೂ ಒಪ್ಪಿಕೊಂಡಿದ್ದಾಳೆ. ವೈನಿ ಖಾನಾಪುರದಲ್ಲೇ ಉಳಿದಳು. ಅವಳನ್ನು ಕರೆಸಿಕೊಳ್ಳಲು ಯಾವ ಅರ್ಜಿ ತುಂಬಬೇಕೋ ನನಗೆ ಗೊತ್ತಿಲ್ಲ.